ದೊರೆ

ನಮ್ಮಣ್ಣನಿಗೆ ನಾವು ಮೂವರು ತಂಗಿಯರು ಸೇರಿ ಇಟ್ಟಿದ್ದ ಹೆಸರು ‘ದೊರೆ’. ಎದುರಿಗೆ ಹೇಳುವ ಧೈರ್ಯ ಯಾರಿಗಿತ್ತು? ಬೀದಿಯಲ್ಲಿ ಅವನ ಸೈಕಲ್ಲಿನ ಸದ್ದು ಕೇಳಿದೊಡನೆ “ದೊರೆ ಬಂದ್ರು” ಎಂದು ಪಿಸುಗುಟ್ಟಿ ರೇಡಿಯೋ ಆರಿಸುತ್ತಿದ್ದೆವು.

1977ರಲ್ಲಿ ಅಪ್ಪ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು, ನನಗೆ ಹದಿನಾಲ್ಕು. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ತಿಥಿಯ ಎಲೆ ಎತ್ತಿದ ವಾರದಲ್ಲೇ ಮನೆಯ ರಾಜ್ಯಭಾರ ಬದಲಾಯಿತು. ಹಸು ಮಾರಿದ. ಅಮ್ಮನ ಕೈಯ ಬಳೆಗಳು ಹೋದವು. ದೀಪಾವಳಿಗೆ ಹೊಸ ಬಟ್ಟೆ ನಿಂತಿತು. ಸ್ಕೂಲಿನವರೆಲ್ಲ ಹಂಪಿ ನೋಡಿ ಬಂದರು, ನಾನು ಅವರು ಹೇಳಿದ್ದನ್ನು ಕೇಳಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಸೇರುತ್ತೇನೆ ಎಂದರೆ, “ಟೈಪಿಂಗ್ ಕಲಿ” ಎಂದು ಒಂದೇ ಮಾತು. ಕಾರಣ ಕೇಳಿದರೆ ದುರುಗುಟ್ಟಿ ನೋಡುವುದೇ ಉತ್ತರ.

ಇಷ್ಟು ಹಳೆಯ ಕಥೆ ಈಗೇಕೆ ನೆನಪಾಯಿತು ಎನ್ನುತ್ತೀರಾ? ಹೇಳಿದರೆ ನಗುತ್ತೀರಿ. ನನ್ನ ಮಗನ ವಿಡಿಯೋ ಗೇಮಿನಿಂದ!

ಎರಡು ಮಳೆಗಾಲದ ಹಿಂದೆ ಮಗ ರಜೆಗೆ ಬಂದವನು ತನ್ನ ಕಾಲೇಜು ದಿನಗಳ ಆಟದ ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿದ. ಗೇಮೆಂದರೆ ಢಂ ಢಂ ಗುಂಡು ಹಾರಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಇದು ಹಾಗಲ್ಲವಂತೆ, ಕಥೆಯೊಳಗೆ ನಾವೇ ಒಂದು ಪಾತ್ರವಾಗಿ ನಡೆಯಬೇಕಂತೆ. ಆಟದ ಹೆಸರು ‘ಫೇಬಲ್ 3’. ಇಂಗ್ಲೆಂಡಿನ ಲಯನ್‌ಹೆಡ್ ಎಂಬ ಕಂಪೆನಿ 2010ರಲ್ಲಿ ಹೊರತಂದದ್ದು. ಆ ಕಂಪೆನಿ 2016ರಲ್ಲಿ ಮುಚ್ಚಿಹೋಯಿತು. ರಾಜಕುಮಾರನೂ ಆಗಬಹುದು, ರಾಜಕುಮಾರಿಯೂ ಆಗಬಹುದು ಎಂದ ಮಗ. ಮುಫತ್ತಾಗಿ ಸಿಕ್ಕರೆ ಬಿಡುತ್ತೇನೆಯೇ? ರಾಜಕುಮಾರಿಯಾದೆ. ಗುಂಡಿಗಳನ್ನು ಅವನು ಒತ್ತುವುದು, ಅಪ್ಪಣೆ ಕೊಡುವುದು ನಾನು. ಮನೆಕೆಲಸದಲ್ಲಿ ಇಂಥ ವ್ಯವಸ್ಥೆ ಎಂದಾದರೂ ಆದದ್ದುಂಟೆ?

ಆಲ್ಬಿಯನ್ ಎಂಬ ರಾಜ್ಯ. ನನ್ನ ಅಣ್ಣ ಲೋಗನ್ ಅಲ್ಲಿನ ದೊರೆ. ಇಡೀ ರಾಜ್ಯದಲ್ಲಿ ಅವನನ್ನು ಕಂಡರಾಗುವವರಿಲ್ಲ. ಬೋವರ್‌ಸ್ಟೋನ್ ಪಟ್ಟಣದ ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳು ದುಡಿಯುತ್ತವೆ. ಅರಮನೆಗೆ ದೂರು ತಂದ ಜನರನ್ನು ತಂಗಿಯ ಮುಂದೆ ನಿಲ್ಲಿಸಿ, “ಇವರು ಸಾಯಬೇಕೋ, ನೀನು ಪ್ರೀತಿಸಿದ ಹುಡುಗ ಸಾಯಬೇಕೋ, ನೀನೇ ಹೇಳು” ಎನ್ನುವಂಥ ಅಣ್ಣ! ನಾನು ರಾತ್ರೋರಾತ್ರಿ ಅರಮನೆ ಬಿಟ್ಟು ಓಡಿದೆ. ಊರೂರು ಸುತ್ತಿ, ಕಂಡವರಿಗೆಲ್ಲ ಮಾತು ಕೊಟ್ಟು, ದಂಡು ಕಟ್ಟಿ ಬಂದು ಅಣ್ಣನನ್ನು ಇಳಿಸಿ ರಾಣಿಯಾದೆ.

ಅಣ್ಣನ ವಿಚಾರಣೆ ನನ್ನೆದುರಿಗೇ. ಆಗ ಅವನು ಬಾಯಿ ಬಿಡುತ್ತಾನೆ. ಸಮುದ್ರದಾಚೆಯ ಅರೋರಾ ಎಂಬ ಮರಳುನಾಡಿಗೆ ಸೈನ್ಯದೊಡನೆ ಹೋಗಿದ್ದನಂತೆ. ಅಲ್ಲಿಯ ಕತ್ತಲೆಯ ಭೂತ ಅವನವರನ್ನು ನುಂಗಿತಂತೆ. ಅದು ಆಲ್ಬಿಯನ್ನಿಗೂ ಬರಲಿದೆ, ಎದುರಿಸಲು ದಂಡು ಬೇಕು, ದಂಡಿಗೆ ಹೊನ್ನು ಬೇಕು. ಜನರನ್ನು ಹಿಂಡಿದ್ದು ಅದಕ್ಕಾಗಿ.

“ಅಮ್ಮ, ಕೊಲ್ಲೋದಾ, ಬಿಡೋದಾ?” ಎಂದ ಮಗ.

ನನಗೆ ಮಾತು ಹೊರಡಲಿಲ್ಲ. 1995ರಲ್ಲಿ ಅಮ್ಮ ಹೋದ ಮೇಲೆ ಅವಳ ಟ್ರಂಕಿನ ತಳದಲ್ಲಿ ಸಿಕ್ಕಿದ ಕಾಗದಗಳು ಕಣ್ಣೆದುರು ಬಂದವು. ಅಪ್ಪ ಯಾರಿಗೋ ಜಾಮೀನು ನಿಂತು ಮನೆಯ ಪತ್ರ ಅಡವಿಟ್ಟಿದ್ದರು. ಸಾಲ 11,000 ರೂಪಾಯಿ. ಒಂಬತ್ತು ವರ್ಷ ಅಣ್ಣ ಅಸಲು ಬಡ್ಡಿ ಕಟ್ಟಿದ ರಸೀತಿಗಳು ದಾರದಲ್ಲಿ ಪೋಣಿಸಿದ್ದವು. ಓದಿ, ಹಾಗೆಯೇ ಮಡಿಸಿಟ್ಟೆ. ತಿಳಿದ ಮೇಲಾದರೂ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಹೋದ ಕಾಲೇಜು ಹೋದದ್ದೇ ತಾನೆ?

“ಬಿಡು” ಎಂದೆ.

ಇನ್ನು ನನ್ನ ಆಳ್ವಿಕೆ. ಆ ಭೂತ ಬರಲು ಒಂದೇ ವರ್ಷ. ಪ್ರಜೆಗಳು 65 ಲಕ್ಷ, ಬೇಕಾದ ಹೊನ್ನೂ 65 ಲಕ್ಷ. ತಲೆಗೊಂದರಂತೆ ಲೆಕ್ಕ. ದಿನವೂ ದರ್ಬಾರಿನಲ್ಲಿ ವಾದ. ಅನಾಥಾಲಯ ತೆರೆದರೆ ಖರ್ಚು, ಅದನ್ನೇ ವೇಶ್ಯಾಗೃಹ ಮಾಡಿದರೆ ಆದಾಯ. ಕೆರೆ ಬತ್ತಿಸಿ ಗಣಿ ತೋಡಿದರೆ ಚಿನ್ನ. ಅರಸಿಯ ಹೆಸರಿನ ಕೆರೆಯ ಊರಿನವಳು ನಾನು, ಕೆರೆ ಬತ್ತಿಸುವುದುಂಟೆ? ಕೊಟ್ಟ ಮಾತೆಲ್ಲ ನಡೆಸಿದೆ. ಹೋದಲ್ಲೆಲ್ಲ ಜಯಕಾರ. ಇನ್ನೂ ನೂರು ದಿನದ ಮೇಲಿದೆ ಎಂದು ನಿಶ್ಚಿಂತೆಯಿಂದಿದ್ದಾಗ, ನಡುವಿನ ದಿನಗಳನ್ನೆಲ್ಲ ಹಾರಿಸಿ ಆ ದಿನ ಬಂದೇಬಿಟ್ಟಿತು. ಭಂಡಾರ ಬರಿದು. ಭೂತವೇನೋ ಸತ್ತಿತು, ಆದರೆ ನನಗೆ ಜಯಕಾರ ಹಾಕಿದ ಬೀದಿಗಳಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

“ಎಲ್ಲರಿಗೂ ಒಳ್ಳೆಯವಳಾದೆ ನೋಡು” ಎಂದು ಮಗ ನಕ್ಕ. ಇನ್ನೊಂದು ದಾರಿಯೂ ಇತ್ತಂತೆ. ಮನೆ ಅಂಗಡಿ ಕೊಂಡು ಬಾಡಿಗೆಗೆ ಬಿಟ್ಟು, ಆ ಸ್ವಂತ ಹಣವನ್ನು ಭಂಡಾರಕ್ಕೆ ಸುರಿದರೆ ಮಾತೂ ಉಳಿಯುತ್ತದೆ, ಜನರೂ ಉಳಿಯುತ್ತಾರೆ. ನಮ್ಮಣ್ಣನೂ ಮಂಡಿಯ ಕೆಲಸ ಮುಗಿಸಿ ರಾತ್ರಿ ಎರಡು ಅಂಗಡಿಗಳ ಲೆಕ್ಕ ಬರೆಯುತ್ತಿದ್ದ. ಅಷ್ಟಾದರೂ ಸಾಲದೆ ನನ್ನ ಕಾಲೇಜು ಹೋಗಿತ್ತು.

ಮರುದಿನ ಅಣ್ಣನಿಗೆ ಫೋನು ಮಾಡಿದೆ. “ಅಣ್ಣಾ, ಅಪ್ಪನ ಸಾಲದ ಮಾತು ಆವತ್ತೇ ಯಾಕೆ ಹೇಳಲಿಲ್ಲ?”

ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಹೇಳಿದ್ದರೆ ನೀವು ಅಪ್ಪನ್ನ ಬೈಕೋತಿದ್ರಿ ಕಣೇ. ಹೋದವರ ಮೇಲೆ ಯಾಕೆ ಸಿಟ್ಟು? ನನ್ನ ಮೇಲೇ ಇರಲಿ ಅಂದ್ಕೊಂಡೆ.”

ಅದು ಸರಿಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಲೋಗನ್ ಮಾಡಿದ ತಪ್ಪೂ ಅದೇ. ಬರುವ ಕಷ್ಟವನ್ನು ಜನರಿಗೆ ಹೇಳಿದ್ದರೆ ಒಂದು ಹೊತ್ತು ಉಪವಾಸವಿದ್ದಾದರೂ ಜೊತೆಗೆ ನಿಲ್ಲುವವರಿರುತ್ತಿದ್ದರು. ನಾವು ಮೂವರೂ ನಿಲ್ಲುತ್ತಿದ್ದೆವು. ಹಾಗೆಂದು ಅಣ್ಣನಿಗೆ ಹೇಳಿಯೂ ಹೇಳಿದೆ. “ಆಯ್ತು ಮಹಾರಾಯ್ತಿ, ಹಬ್ಬಕ್ಕೆ ಬಾ” ಎಂದ.

ಹೋಗಿದ್ದೆವು, ಮೂವರೂ. ಬಾಗಿಲಲ್ಲಿ ಅವನನ್ನು ಕಂಡೊಡನೆ ನನ್ನ ಕಿರಿಯ ತಂಗಿ ಗಟ್ಟಿಯಾಗಿಯೇ ಕೂಗಿದಳು: “ದೊರೆ ಬಂದ್ರು!”