ಕಕ್ಕಿಂಜೆಯ ಅಂಗಳದಲ್ಲಿ ಕಂಡ ಕಲ್ಯಾಣ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನು ಇಳಿಯುವವರಿಗೆ ಮಲೆಯ ತಂಪು ಕಳೆದು ಕರಾವಳಿಯ ಸೆಕೆ ತಗಲುವಲ್ಲಿ ಚಾರ್ಮಾಡಿ ಗ್ರಾಮವೂ ಅದರಾಚೆ ಕಕ್ಕಿಂಜೆ ಪೇಟೆಯೂ ಎದುರಾಗುತ್ತವೆ. ರಸ್ತೆಯ ಇಕ್ಕೆಲದಲ್ಲಿ ಅಂಗಡಿಗಳು, ಹಿಂದೆ ಅಡಕೆ ತೋಟಗಳು. ಸಮೀಪದಲ್ಲಿಯೇ ನೇತ್ರಾವತಿಯನ್ನು ಸೇರಲು ಹರಿಯುವ ಮೃತ್ಯುಂಜಯ ಹೊಳೆ. 2019ರ ಆಗಸ್ಟ್ ಮಳೆಯಲ್ಲಿ ಘಟ್ಟ ಕುಸಿದು, ಹೊಳೆ ಉಕ್ಕಿ ಹರಿದುದನ್ನು ಇಲ್ಲಿನವರು ಮರೆತಿಲ್ಲ.

ಕಳೆದ ಮಾಗಿಯಲ್ಲಿ ನಾವು ಇಲ್ಲಿಗೆ ಬಂದುದು ಭಕ್ತರೊಬ್ಬರ ಮನೆಯ ವಿವಾಹ ಸಮಾಲೋಚನೆಗಾಗಿ. ಘಟ್ಟದ ಮೇಲಿನಿಂದ ಬಂದು ತೋಟ ಮಾಡಿ ನೆಲೆಸಿದ ಮನೆತನವದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ವರನಿಗೆ ಎಲ್ಲರಂತಲ್ಲದ ಮದುವೆ ಬೇಕು. ಈಗಿನವರು ‘ಥೀಮ್ ಮದುವೆ’ ಎನ್ನುವುದು ಇದನ್ನೇ. ಅನುಭವ ಮಂಟಪದ ಮಾದರಿಯ ವೇದಿಕೆ, ಶರಣರ ವೇಷದಲ್ಲಿ ಬಂಧುಮಿತ್ರರು! ಶ್ರದ್ಧೆಯ ಆಸೆಯೆಂದು ನಮಗೂ ಸಂತೋಷವಾಯಿತು. ಆದರೆ ವೆಚ್ಚದ ಮಾತು ಬಂದಾಗ ಕನ್ಯಾಪಿತೃಗಳು ತೋಟವನ್ನು ಅಡವಿಡುವ ವಿಚಾರವನ್ನು ಮೆಲುದನಿಯಲ್ಲಿ ತಿಳಿಸಿದರು.

ವಧು ವೇಷಗಳ ಪಟ್ಟಿಯನ್ನು ಕೈಗೆತ್ತಿಕೊಂಡು ಕೇಳಿದಳು: “ಶಾಸ್ತ್ರಿಗಳೇ, ಬಸವಣ್ಣ, ಅಲ್ಲಮ, ಅಕ್ಕ, ಚೆನ್ನಬಸವಣ್ಣ ಎಲ್ಲರೂ ಇದ್ದಾರೆ. ಹರಳಯ್ಯನವರು ಯಾಕಿಲ್ಲ?”

ಪಟ್ಟಿಯನ್ನು ಎರಡು ಬಾರಿ ಓದಿದ್ದ ನಮಗೂ ಅದು ಹೊಳೆದಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಿಜವಾಗಿ ರೂಢಿಯನ್ನು ಮೀರಿದ ಮದುವೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆದದ್ದೆಂದು ಪರಂಪರೆ ಹೇಳುತ್ತದೆ. ಅದಕ್ಕಾಗಿ ಆ ಇಬ್ಬರು ತಂದೆಯರೂ ಪ್ರಾಣ ತೆತ್ತರು. ಅವರನ್ನು ಬಿಟ್ಟು ಕಟ್ಟಿದ ಮಂಟಪ ಬಟ್ಟೆ-ಬಣ್ಣಗಳ ಮಂಟಪವಷ್ಟೇ.

ಈ ಘಟ್ಟದ ದಾರಿಯೇ ಇನ್ನೆರಡು ಮಾರ್ಗಗಳನ್ನು ನೆನಪಿಸುತ್ತದೆ. ಮೇಲೆ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ವಿವಾಹ 1966ರಲ್ಲಿ ತಂದೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ಜರುಗಿತು. ಅದರಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಕೆಳಗೆ ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಸಾಮೂಹಿಕ ವಿವಾಹವು ಬಡ ಹೆತ್ತವರನ್ನು ಸಾಲದ ಹೊರೆಯಿಂದ ಪಾರುಮಾಡಿತು. ಎರಡರಲ್ಲಿಯೂ ಹೊಸತನವಿದ್ದುದು ಅಲಂಕಾರದಲ್ಲಲ್ಲ, ನಡೆಯಲ್ಲಿ.

“ಇಷ್ಟು ಸರಳವಾದರೆ ಮದುವೆ ಊರ್ಜಿತವೇ?” ಎಂದು ವಧುವಿನ ಅಜ್ಜಿ ಶಂಕಿಸಿದರು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ವಧು ಅಥವಾ ವರನ ಕಡೆಯ ರೂಢಿಯ ವಿಧಿಯಂತೆ ನಡೆದ ವಿವಾಹವನ್ನು ಅದು ಮಾನ್ಯಮಾಡುತ್ತದೆ, ಬಳಿಕ ನೋಂದಣಿ ಮಾಡಿಸಿದರೆ ದಾಖಲೆಯೂ ದೊರೆಯುತ್ತದೆಂದು ತಿಳಿಸಿದೆವು.

ವರನು ಬಹಳ ಹೊತ್ತು ಮೌನವಾಗಿದ್ದು ಪಟ್ಟಿಯನ್ನು ಮಡಿಸಿಟ್ಟನು. ಮನೆಯಂಗಳದಲ್ಲಿಯೇ ಚಪ್ಪರ, ಇಷ್ಟಲಿಂಗಪೂಜೆ, ವಚನಗಾಯನ, ವಧೂವರರು ತಾವೇ ಬರೆದು ಓದುವ ಪ್ರತಿಜ್ಞೆ ಎಂದು ನಿಶ್ಚಯವಾಯಿತು. ವಧು ಒಂದನ್ನು ಸೇರಿಸಿದಳು: ಪೇಟೆಯಲ್ಲಿ ಪಾದರಕ್ಷೆ ಹೊಲಿಯುವ ಹಿರಿಯರಿಗೂ ತೋಟದ ಆಳುಗಳಿಗೂ ಮನೆಗೆ ಹೋಗಿ ಆಮಂತ್ರಣ ಕೊಡಬೇಕು, ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಬೇಕು. ಅಜ್ಜಿಯ ಮುಖ ಬಾಡಿತು, ಅವರು ಮಾತನಾಡಲಿಲ್ಲ.

ಚೈತ್ರದಲ್ಲಿ ಮದುವೆ ನೆರವೇರಿತು. ದಾಸೋಹದ ಹೊತ್ತಿಗೆ ಆ ಹಿರಿಯರು ಚಪ್ಪರದ ಅಂಚಿನಲ್ಲಿ ಸಂಕೋಚದಿಂದ ನಿಂತಿದ್ದರು. ವರನು ಕೈಗೆ ನೀರು ಹಾಕಿ ಕರೆತಂದನು. ಎಲೆಯ ಮುಂದೆ ಕುಳಿತಿದ್ದ ಅಜ್ಜಿ ಕ್ಷಣಕಾಲ ತಡೆದು, ಸ್ವಲ್ಪ ಸರಿದು ಪಕ್ಕದಲ್ಲಿ ಎಡೆ ಮಾಡಿಕೊಟ್ಟರು.

ತೋಟ ಅಡವಾಗಲಿಲ್ಲ. ಮಂಟಪಕ್ಕೆ ಬಣ್ಣದ ಬಟ್ಟೆಯೂ ಇರಲಿಲ್ಲ. ಮಕ್ಕಳ ವಿವಾಹವನ್ನು ಯೋಚಿಸುತ್ತಿರುವ ಭಕ್ತಾದಿಗಳು ವೇದಿಕೆಯ ಅಳತೆಗಿಂತ ಮೊದಲು ಪಂಕ್ತಿಯ ಪಟ್ಟಿಯನ್ನು ಬರೆಯಲೆಂದು ನಮ್ಮ ವಿನಂತಿ. ಶರಣು.