ಸೊಲ್ಲಾಪುರದ ಹಿರಿಯರು

ವಿಜಾಪುರ ರಸ್ತೆ ಹಿಡಿದು ಸೊಲ್ಲಾಪುರ ಸೇರಿದರೆ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಇಲ್ಲಿ ಪ್ರಾಟೆಸ್ಟಂಟ್ ಸಭೆ ಬೆಳೆಸಿದವರು ಅಮೇರಿಕನ್ ಮರಾಠಿ ಮಿಷನ್ನಿನವರು. ಅವರದು ಕಾಂಗ್ರಿಗೇಷನಲ್ ಪಂಥ. ಬಿಷಪರಿಲ್ಲ, ಊರಿನ ಸಭೆಯದೇ ಆಡಳಿತ. 1924ರಲ್ಲಿ ಅವರು ಪ್ರೆಸ್ಬಿಟೇರಿಯನ್ನರೊಂದಿಗೆ ಒಂದಾದರು.

ಪ್ರೆಸ್ಬಿಟೇರಿಯನ್ನರ ಬೇರು ಜಿನೀವಾದಲ್ಲಿದೆ. 1541ರಲ್ಲಿ ಕ್ಯಾಲ್ವಿನ್ ಅಲ್ಲಿ ಪಾಲಕರು, ಬೋಧಕರು, ಹಿರಿಯರು, ಸೇವಕರು ಎಂಬ ನಾಲ್ಕು ಹುದ್ದೆಗಳನ್ನು ಗೊತ್ತುಮಾಡಿದ. ಸಂತ ಪೌಲರು ಸಭೆಸಭೆಗೂ ನೇಮಿಸಿದ 'ಪ್ರೆಸ್ಬಿಟರ್' ಎಂದರೆ ಅವರಿಗೆ ಹಿರಿಯರು, ನಮಗೆ ಗುರುಗಳು. ಗ್ರೀಕ್ ಪದ ಮಾತ್ರ ಒಂದೇ!

1970ರಲ್ಲಿ ಉತ್ತರ ಭಾರತ ಸಭೆಯಾದಾಗ ಅವರು ಬಿಷಪರನ್ನು ಒಪ್ಪಿಕೊಂಡರು, ವಿಶ್ವಾಸಿಗಳ ಪಾಲನ್ನು ಬಿಟ್ಟುಕೊಡಲಿಲ್ಲ. ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಗಿರುವುದು ಸಲಹೆಯ ಹಕ್ಕಷ್ಟೇ. ಆ ಸಲಹೆಯನ್ನಾದರೂ ಕೇಳುತ್ತೇವೆಯೇ? ಸಮಿತಿ ಕೂಡಿಸಿ, ಮೊದಲೇ ತೀರ್ಮಾನಿಸಿದ್ದನ್ನು ಓದಿಹೇಳಿ ಎದ್ದ ಗುರುಗಳಲ್ಲಿ ನಾನೂ ಒಬ್ಬ.