ಹಾಸಿಗೆಯಡಿಯ ಮಿಟ್

ಡಲ್ಲಾಸ್ ಪಕ್ಕದ ಪ್ಲೇನೋ ಬಿಟ್ಟು ಗೇನ್ಸ್‌ವಿಲ್‌ನಲ್ಲಿ ಪಶ್ಚಿಮಕ್ಕೆ ತಿರುಗಿದೆವು. ಅಲ್ಲಿಂದ ಹುಲ್ಲುಗಾವಲು, ದನ, ಮತ್ತೆ ಹುಲ್ಲುಗಾವಲು. ಇಷ್ಟು ದನಗಳಲ್ಲಿ ಒಂದಾದರೂ ರಸ್ತೆಗೆ ಅಡ್ಡ ಬರಬಾರದೇ ಅಂತ ನನಗೆ ಬೇಜಾರು. ಹಿಂದಿನ ಸೀಟಿನಲ್ಲಿ ಅಣ್ಣನ ಮಗಳು, ಶಾಲೆಯ ಸಾಫ್ಟ್‌ಬಾಲ್ ತಂಡದ ಕ್ಯಾಚರ್. ಅವಳಿಗೆ ಹೊಸ ಮಿಟ್, ಅಂದರೆ ಚೆಂಡು ಹಿಡಿಯುವ ತೊಗಲಿನ ಗ್ಲೌಸು ಬೇಕು. ಅದು ಹುಟ್ಟುವ ಊರಿಗೇ ಹೋಗಿ ತರೋಣ ಅಂತ ಹಟ ಹಿಡಿದವಳು ನಾನು.

ನೊಕೋನಾ, ಟೆಕ್ಸಾಸಿನ ಅಂಚಿನಲ್ಲಿ ಮೂರು ಸಾವಿರದಷ್ಟು ಜನರಿರುವ ಊರು. ಕೊಮಾಂಚಿ ನಾಯಕ ಪೀಟಾ ನೊಕೋನಾನ ಹೆಸರು ಇದಕ್ಕೆ. 1934ರಿಂದ ಇಲ್ಲಿ ಬೇಸ್‌ಬಾಲ್ ಗ್ಲೌಸ್ ಹೊಲಿಯುತ್ತಾರೆ. ಊರಿನ ಸ್ಪೆಲಿಂಗಿನಲ್ಲಿ 'ಸಿ', ಗ್ಲೌಸಿನ ಮೇಲೆ 'ಕೆ'. ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗಲಿಲ್ಲವಂತೆ! 2006ರಲ್ಲಿ ಕಾರ್ಖಾನೆಯೇ ಸುಟ್ಟುಹೋಯಿತು, ಆದರೂ ಮತ್ತೆ ಶುರು ಮಾಡಿದರು.

ಒಳಗೆ ಕಾಲಿಡುತ್ತಲೇ ಚಪ್ಪಲಿ ಅಂಗಡಿಯ ವಾಸನೆ, ಹತ್ತು ಪಟ್ಟು. ಗ್ಲೌಸನ್ನು ಒಳಮೈ ಹೊರಗಾಗಿ ಹೊಲಿದು, ದಿಂಬಿನ ಚೀಲದ ಹಾಗೆ ತಿರುವುತ್ತಾರೆ. ಆಮೇಲೆ ಕಾದ ಲೋಹದ ಬೆರಳುಗಳಿಗೆ ತೊಡಿಸಿ ಆಕಾರಕ್ಕೆ ತರುತ್ತಾರೆ. ಕ್ಯಾಚರ್ ಮಿಟ್‌ಗೆ ಮಾತ್ರ ಬಿಡಿ ಬೆರಳುಗಳೇ ಇಲ್ಲ. ಸೆಟ್ ದೋಸೆಗೆ ಹೆಬ್ಬೆರಳು ಮೂಡಿದ ಹಾಗಿದೆ. ನಾನೂ ತೊಟ್ಟು ಮಡಚಲು ನೋಡುತ್ತೇನೆ. ಹಲಗೆ! ಒಂದಿಷ್ಟೂ ಬಾಗುವುದಿಲ್ಲ.

ಊಟದ ಕಥೆ ಕೇಳಬೇಡಿ. ದನಗಳ ಸೀಮೆಯಲ್ಲಿ ನನಗೆ ದಕ್ಕಿದ್ದು ಕರಿದ ಆಲೂಗಡ್ಡೆ.

ಸಂಜೆ ಅಣ್ಣನ ಗ್ಯಾರೇಜಿನಲ್ಲಿ ಹೊಸ ಮಿಟ್ ಪಳಗಿಸುವ ಕೆಲಸ. ಕಚ್ಚುವ ಹೊಸ ಚಪ್ಪಲಿಗೆ ಊರಲ್ಲಿ ಮಾಡುವ ಮದ್ದು ನೆನಪಾಗಿ ಕೊಬ್ಬರಿ ಎಣ್ಣೆ ಬಾಟಲಿ ತಂದೆ. "ಅಯ್ಯೋ ಅತ್ತೆ, ಬೇಡ! ಕುಡಿದುಬಿಡುತ್ತೆ, ಭಾರ ಆಗುತ್ತೆ." ಅವಳು ಬೆರಳ ತುದಿಗೆ ಕಡಲೆಕಾಳಿನಷ್ಟು ಲ್ಯಾನೋಲಿನ್ ಮುಲಾಮು ತೆಗೆದು, ಮಡಿಕೆ ಬೀಳುವ ಜಾಗಕ್ಕೂ ತೊಗಲಿನ ದಾರಗಳಿಗೂ ತೆಳ್ಳಗೆ ಸವರಿದಳು. ಓವನ್ನಿನಲ್ಲಿಟ್ಟು ಬಿಸಿ ಮಾಡುವವರೂ ಇದ್ದಾರಂತೆ. ತೊಗಲು ಒಣಗಿ ಬಿರಿಯುತ್ತದೆ ಅಂತ ಮುಖ ಸಿಂಡರಿಸಿದಳು. ಆಮೇಲೆ ಮರದ ಸುತ್ತಿಗೆ. ಚೆಂಡು ಕೂರಬೇಕಾದ ಗುಳಿಗೆ ಠಪ್, ಠಪ್. ಅಣ್ಣನಿಗೆ ನಗು: ಇವನೂ ಒಂದು ಕಾಲದಲ್ಲಿ ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಿ, ಕಾಲುಚೀಲದೊಳಗೆ ಹಳೇ ಚೆಂಡು ಹಾಕಿ ಬಡಿದು ಅಮ್ಮನ ಮಧ್ಯಾಹ್ನದ ನಿದ್ದೆ ಕೆಡಿಸಿದವನೇ.

ಹಿತ್ತಲಿನಲ್ಲಿ ಚೆಂಡು ಎಸೆಯಲು ನಿಂತೆ. ಸಾಫ್ಟ್ ಅಂತ ಯಾರು ಹೆಸರಿಟ್ಟರೋ! ಕ್ರಿಕೆಟ್ ಚೆಂಡಿನ ಸುತ್ತಳತೆ ಸುಮಾರು 9 ಇಂಚು, ಇದರದ್ದು 12, ಮುಟ್ಟಿದರೆ ಕಲ್ಲು. ಅದನ್ನು ಹುಡುಗಿಯರು 43 ಅಡಿ ದೂರದಿಂದ ತೋಳು ಗಿರಕಿ ಹೊಡೆಸಿ ಎಸೆಯುತ್ತಾರೆ. ನಮ್ಮ ಪಿಚ್ಚಿನ ಉದ್ದ 66 ಅಡಿ. ನನ್ನ ಎಸೆತಗಳಲ್ಲಿ ಅರ್ಧ ಪಕ್ಕದ ಮನೆಗೆ ಹೋದವು. ಉಳಿದರ್ಧಕ್ಕೇ, ಕತ್ತಲಾಗುವ ಹೊತ್ತಿಗೆ, 'ಠಪ್' ಅನ್ನುತ್ತಿದ್ದದ್ದು 'ಧಪ್' ಅನ್ನತೊಡಗಿತು.

ಮಲಗುವಾಗ ಗುಳಿಯಲ್ಲಿ ಚೆಂಡಿಟ್ಟು, ಮಿಟ್ ಮಡಚಿ, ನನ್ನ ಹಳೇ ದುಪಟ್ಟಾದಿಂದ ಬಿಗಿದು ತಂದಳು. "ಅತ್ತೆ, ನಿಮ್ಮ ಹಾಸಿಗೆ ಕೆಳಗೆ ಇಡ್ತೀನಿ. ಮನೇಲಿ ಎಲ್ಲರಿಗಿಂತ ಭಾರ ನೀವೇ."

ಬಲಮಗ್ಗುಲಾದರೆ ಸೊಂಟಕ್ಕೆ ಚೆಂಡು, ಎಡಮಗ್ಗುಲಾದರೆ ಬೆನ್ನಿಗೆ. ಇನ್ನೂ ಆರು ರಾತ್ರಿ ಇದೆಯಂತೆ.